ತಾರಸಿಯ ಮೀನಿಗೆ ಔಷಧಿ ಬೇಡ

ಭದ್ರಾವತಿ

ಪ್ರೀತಿಯ ಪುಟ್ಟಾ,

ನಿನ್ನ ಮೀನುಗಳು ಬೆಳಗಾಗುತ್ತಲೇ ಮೇಲೆ ಬಂದು ಬಾಯಿ ಬಿಡುತ್ತಿವೆ, ಅಂಗಡಿಯವರು ಕೊಟ್ಟ ನೀಲಿ ಔಷಧಿ ಹಾಕಲಾ ಅಂತ ಕೇಳಿದ್ದೀಯ. ಹಾಕಬೇಡ ಕಣೋ. ಔಷಧಿ ನಿನ್ನ ಮೀನನ್ನು ಉಳಿಸುತ್ತದೋ ಇಲ್ಲವೋ, ಜಲ್ಲಿಗೆ ಅಂಟಿಕೊಂಡಿರುವ ಬ್ಯಾಕ್ಟೀರಿಯಾವನ್ನಂತೂ ಕೊಲ್ಲುತ್ತದೆ. ಮೀನು ಕಿವಿರಿನಿಂದ ಬಿಡುವ ಅಮೋನಿಯಾವನ್ನು ಅವು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುತ್ತವೆ. ತೊಟ್ಟಿಯ ನೀರಲ್ಲೇ ಬೆಳೆಯುವ ನಿನ್ನ ಬಸಳೆ, ಪುದೀನ ಉಣ್ಣುವುದು ಆ ನೈಟ್ರೇಟನ್ನೇ. ಆ ಬ್ಯಾಕ್ಟೀರಿಯಾ ಸತ್ತರೆ ಮತ್ತೆ ಬೆಳೆಯಲು ನಾಲ್ಕರಿಂದ ಆರು ವಾರ ಬೇಕು. ಅಷ್ಟು ದಿನ ಮೀನು ತನ್ನ ವಿಷದಲ್ಲೇ ಈಜಬೇಕು.

ಮೊದಲು ಗಾಳಿಯ ಪಂಪ್ ನೋಡು. ಕತ್ತಲಲ್ಲಿ ಪಾಚಿಯೂ ಆಮ್ಲಜನಕ ಎಳೆಯುತ್ತದೆ, ಹಾಗಾಗಿ ಬೆಳಕು ಹರಿಯುವ ಹೊತ್ತಿಗೆ ನೀರಲ್ಲಿ ಅದು ತೀರಾ ಕಮ್ಮಿ. ಲೀಟರಿಗೆ 5 ಮಿಲಿಗ್ರಾಂ ಆದರೂ ಇರಬೇಕು. ಬಿಸಿ ನೀರು ಆಮ್ಲಜನಕ ಹಿಡಿದಿಟ್ಟುಕೊಳ್ಳುವುದೇ ಕಡಿಮೆ, ನಮ್ಮ ಏಪ್ರಿಲ್ ಬಿಸಿಲಂತೂ ನಿನಗೆ ಗೊತ್ತು. ತೊಟ್ಟಿಯ ಮೇಲೆ ನೆರಳು ಬಲೆ ಕಟ್ಟು. ಕರೆಂಟ್ ಹೋದಾಗಲೂ ಓಡುವ ಬ್ಯಾಟರಿ ಪಂಪ್ ಒಂದಿರಲಿ.

ಆಮೇಲೆ ಒಂದು ಮೀನನ್ನು ಹಿಡಿದು ನೋಡು. ಕೈ ಒದ್ದೆ ಮಾಡಿಕೋ, ಒಣಗೈಯಲ್ಲಿ ಮುಟ್ಟಿದರೆ ಮೈಮೇಲಿನ ಲೋಳೆ ಕಿತ್ತು ಬರುತ್ತದೆ. ಹೆಬ್ಬೆರಳಿನಿಂದ ಕಿವಿರಿನ ಮುಚ್ಚಳ ಮೆಲ್ಲಗೆ ಎತ್ತು. ಒಳಗೆ ಕೆಂಪಗೆ ಹೊಳೆಯುತ್ತಿದ್ದರೆ ಸಮಾಧಾನ. ಡಿಕಾಕ್ಷನ್ ಬಣ್ಣಕ್ಕೆ ತಿರುಗಿದ್ದರೆ ನೈಟ್ರೈಟ್ ರಕ್ತ ಸೇರಿದೆ ಅಂತ ಲೆಕ್ಕ. ಆಗ ಗಾಳಿ ಎಷ್ಟು ಕೊಟ್ಟರೂ ರಕ್ತ ಆಮ್ಲಜನಕವನ್ನು ಒಯ್ಯಲಾರದು. ಸಾವಿರ ಲೀಟರಿಗೆ ಅರ್ಧ ಕಿಲೋ ಅಯೋಡಿನ್ ಇಲ್ಲದ ಕಲ್ಲುಪ್ಪನ್ನು ಬಕೆಟ್ಟಿನಲ್ಲಿ ಕರಗಿಸಿ ನಿಧಾನಕ್ಕೆ ಸುರಿ. ಗಿಡಕ್ಕೆ ಅಷ್ಟರಿಂದ ತೊಂದರೆಯಿಲ್ಲ. ಮೈಮೇಲೆ ಬಿಳಿ ಚುಕ್ಕೆ ಕಂಡ ಮೀನನ್ನು ಬೇರೆ ಟಬ್ಬಿಗೆ ಹಾಕಿ ಅಲ್ಲೇ ಚಿಕಿತ್ಸೆ ಕೊಡು. ಆ ನೀರು ತೊಟ್ಟಿಗೆ ಮರಳಬಾರದು.

ಪಿಎಚ್ ಎಷ್ಟಿದೆ ಅಂತ ನೀನು ಬರೆದೇ ಇಲ್ಲ. 25 ಡಿಗ್ರಿ ನೀರಲ್ಲಿ ಪಿಎಚ್ 7 ಇದ್ದರೆ ಒಟ್ಟು ಅಮೋನಿಯಾದಲ್ಲಿ ಮೀನನ್ನು ಕೊಲ್ಲುವ ರೂಪದ್ದು ನೂರಕ್ಕೆ ಒಂದು ಪಾಲಿಗಿಂತ ಕಡಿಮೆ, 8 ಆದರೆ ಐದು ಪಾಲು ದಾಟುತ್ತದೆ. ಅಮೋನಿಯಾ ಪರೀಕ್ಷಿಸುವ ಕಿಟ್ಟಿನಲ್ಲಿ ಅದೇ ಬಣ್ಣ ಬಂದರೂ ಒಂದು ದಿನ ಬದುಕಿದ ಮೀನು ಇನ್ನೊಂದು ದಿನ ಸಾಯುವುದು ಇದಕ್ಕೇ. ಏಳರ ಆಸುಪಾಸಿನಲ್ಲಿ ಇರಲಿ. ನೀರು ಬದಲಿಸಬೇಕೆಂದರೆ ಒಂದೇ ಸಲ ಎಲ್ಲ ಚೆಲ್ಲಬೇಡ, ಕಾಲು ಭಾಗ ಸಾಕು. ನಲ್ಲಿ ನೀರನ್ನು ತೆರೆದ ಡ್ರಮ್ಮಿನಲ್ಲಿ ಒಂದು ದಿನ ಬಿಟ್ಟು, ಕ್ಲೋರಿನ್ ಹೋದಮೇಲೆ ಹಾಕು.

ನನಗೆ ನಿನ್ನ ಕೈಯ ಮೇಲೇ ಅನುಮಾನ. ಪ್ರೀತಿ ಹೆಚ್ಚಾದರೆ ಹಿಡಿ ತುಂಬಾ ಆಹಾರ ಸುರಿಯುವವನು ನೀನು. ಹತ್ತು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಹಾಕಬೇಕು, ಉಳಿದದ್ದನ್ನು ಬಲೆಯಲ್ಲಿ ತೆಗೆಯಬೇಕು. ಕೆರೆಯಲ್ಲಿ ಮೀನು ಸಾಕುವವರು ತೌಡು, ಕಡಲೆಕಾಯಿ ಹಿಂಡಿ ಹಾಕುತ್ತಾರೆ, ಅದು ದೊಡ್ಡ ಕೆರೆಗೆ ಸರಿ. ನಿನ್ನ ತೊಟ್ಟಿಯಲ್ಲಿ ಕೊಳೆತು ನಾರುತ್ತದೆ, ತೇಲುವ ಕಾಳೇ ಒಳ್ಳೆಯದು. ಬಸಳೆಗೆ ಹುಳ ಬಂತೆಂದು ಬೇವಿನೆಣ್ಣೆ ಹೊಡೆಯಬೇಡ, ಅದೂ ಮೀನಿಗೆ ಆಗದು. ಎಲೆ ಚಿವುಟಿ ತೆಗೆದರೆ ಸಾಕು.

ಮುಂದೆ ಮರಿ ಕೊಳ್ಳುವಾಗ ಸಾಮಾನ್ಯ ಗೆಂಡೆಯನ್ನೇ ನೋಡು, ಗಟ್ಟಿ ಜಾತಿ. ಕಾಟ್ಲಾ, ರೋಹು ಬೆಳೆಯಲು ಜಾಗ ಬೇಕು. ಅವು ನಿಂತ ನೀರಿನಲ್ಲಿ ಮೊಟ್ಟೆಯನ್ನೂ ಇಡುವುದಿಲ್ಲ; 1957ರಲ್ಲಿ ಒಡಿಶಾದಲ್ಲಿ ವಿಜ್ಞಾನಿ ಹೀರಾಲಾಲ್ ಚೌಧುರಿ ಚುಚ್ಚುಮದ್ದಿನಿಂದ ಮೊಟ್ಟೆ ಇಡಿಸಿದ ಮೇಲೇ ಮರಿಗಳು ಹೀಗೆ ಕೈಗೆ ಸಿಗುವಂತಾದದ್ದು. ನಮ್ಮ ಪುಣ್ಯ, ಭದ್ರಾ ಜಲಾಶಯದ ಬಳಿಯ ಬಿ.ಆರ್. ಪ್ರಾಜೆಕ್ಟಿನಲ್ಲಿ ಮೀನುಗಾರಿಕೆ ಇಲಾಖೆಯ ಮೀನುಮರಿ ಕೇಂದ್ರವೇ ಇದೆ. ಮರಿ ತಂದ ಕವರನ್ನು ಕಾಲು ಗಂಟೆ ತೊಟ್ಟಿಯಲ್ಲಿ ತೇಲಿಸಿ, ನೀರು ಸ್ವಲ್ಪ ಸ್ವಲ್ಪವಾಗಿ ಬೆರೆಸಿ ಬಿಡಬೇಕು. ಆದರೆ ಇರುವ ಮೀನು ಹುಷಾರಾಗುವವರೆಗೆ ಹೊಸದು ತರಬೇಡ.

ಈಗಲೇ ಆಹಾರದ ಡಬ್ಬಿ ಎತ್ತಿಡು, ಎರಡು ದಿನ ಉಪವಾಸ ಇದ್ದರೆ ಅವಕ್ಕೇನೂ ಆಗದು. ಪಿಎಚ್, ಅಮೋನಿಯಾ ಎಷ್ಟಿದೆ, ಕಿವಿರಿನ ಬಣ್ಣ ಹೇಗಿದೆ, ನಾಳೆ ಬೆಳಗಿನ ಜಾವ ನೋಡಿ ಫೋನ್ ಮಾಡು. ಎಷ್ಟು ಹೊತ್ತಿಗಾದರೂ ಸರಿ, ನಾನು ಎದ್ದಿರುತ್ತೇನೆ.

ನಿನ್ನ
ಅಕ್ಕ