ಹದಕ್ಕೆ ಬರುವವರೆಗೆ ಹುರಿಯಿರಿ

ಅಡುಗೆ ಪುಸ್ತಕದಲ್ಲಿ ‘ಹದಕ್ಕೆ ಬರುವವರೆಗೆ ಹುರಿಯಿರಿ’ ಅಂತ ಇರುತ್ತಲ್ಲ, ಆ ಹದ ಗೊತ್ತಿರೋರಿಗೆ ಪುಸ್ತಕವೇ ಬೇಕಿಲ್ಲ. ಸಾಫ್ಟ್‌ವೇರ್‌ನಲ್ಲಿ ಹೊಸಬರ ಕೈಗೆ ಕೊಡೋ ಸ್ಯಾಂಪಲ್ ಪ್ರಾಜೆಕ್ಟ್‌ಗಳೂ ಹೆಚ್ಚುಕಮ್ಮಿ ಹಾಗೇ ಇರುತ್ತವೆ.

ನಾವು ಬಳಸೋದು ಜಾಂಗೋ. ಪೈಥಾನ್‌ನಲ್ಲಿ ವೆಬ್‌ಸೈಟ್ ಕಟ್ಟೋಕೆ ಬೇಕಾದ ಸಾಮಾನು ಸರಂಜಾಮೆಲ್ಲ ಜೋಡಿಸಿಕೊಡುವ ಫ್ರೇಮ್‌ವರ್ಕ್. ಅಮೆರಿಕದ ಕಾನ್ಸಾಸ್‌ನ ಪತ್ರಿಕೆಯೊಂದರ ಕಚೇರಿಯಲ್ಲಿ ಹುಟ್ಟಿ 2005ರಲ್ಲಿ ಎಲ್ಲರ ಕೈಗೆ ಬಂತು. ಅದರ ಅಧಿಕೃತ ಪಾಠದಲ್ಲಿ ‘ಪೋಲ್ಸ್’ ಅನ್ನೋ ಪುಟ್ಟ ಆ್ಯಪ್ ಕಟ್ಟಿಸುತ್ತಾರೆ. ಸರ್ವರ್ ಶುರು ಮಾಡಿದ ಕೂಡಲೇ ಮೈಗ್ರೇಶನ್ ಬಾಕಿ ಇದೆ ಅಂತ ಕೆಂಪಕ್ಷರದ ಎಚ್ಚರಿಕೆ ಬರುತ್ತೆ. ಸದ್ಯಕ್ಕೆ ಅದನ್ನು ಬಿಟ್ಟುಬಿಡಿ, ಡೇಟಾಬೇಸ್ ವಿಷಯ ಆಮೇಲೆ ನೋಡೋಣ ಅಂತ ಪಾಠ ಅಲ್ಲೇ ಹೇಳುತ್ತೆ. ಕೆಂಪು ಕಂಡು ಎದೆ ಧಸಕ್ ಅಂದವರಿಗೇ ಆ ಒಂದು ಸಾಲಿನ ಬೆಲೆ ಗೊತ್ತು.

ನಮ್ಮ ಟೀಮಿನ ಸ್ಯಾಂಪಲ್‌ನಲ್ಲಿ ಅಂಥ ಒಂದು ಸಾಲೂ ಇರಲಿಲ್ಲ. ಬರೆದವರು ಯಾವಾಗಲೋ ಕೆಲಸ ಬಿಟ್ಟಿದ್ದರು. ‘ಎನ್ವಿರಾನ್‌ಮೆಂಟ್ ಸೆಟಪ್ ಮಾಡಿಕೊಂಡು ರನ್ ಮಾಡಿ’, ಅಷ್ಟೇ ಸೂಚನೆ. ಕೊಪ್ಪಳದ ಕಡೆಯಿಂದ ಬಂದ ಹುಡುಗಿಯೊಬ್ಬಳು ಎರಡು ದಿನ ಅದರ ಮುಂದೆ ತುಟಿಪಿಟಕ್ಕೆನ್ನದೆ ಕೂತಿದ್ದಳು. ಮೂರನೇ ದಿನ, ‘ನನಗೆ ಈ ಫೀಲ್ಡ್ ಆಗಿಬರಲ್ಲ ಅನ್ಸತ್ತೆ’ ಅಂದಳು. ಅಸಲಿಗೆ ಆಗಿದ್ದೇನು? ಪೈಥಾನ್ 3.12ರಲ್ಲಿ ಡಿಸ್ಟ್‌ಯುಟಿಲ್ಸ್ ಅನ್ನೋ ಭಾಗವನ್ನೇ ತೆಗೆದುಹಾಕಿದ್ದಾರೆ. ಅದನ್ನು ನೆಚ್ಚಿಕೊಂಡಿದ್ದ ನಮ್ಮ ಹಳೇ ಪ್ಯಾಕೇಜ್ ಇನ್‌ಸ್ಟಾಲೇ ಆಗ್ತಿರಲಿಲ್ಲ. ಹಳಸಿದ್ದು ಪ್ರಾಜೆಕ್ಟು, ತನ್ನನ್ನೇ ಅನುಮಾನಿಸಿಕೊಂಡಿದ್ದು ಅವಳು.

ಮೂರು ಶುಕ್ರವಾರದ ಮಧ್ಯಾಹ್ನಗಳನ್ನು ರಿಪೇರಿಗೆ ಕೊಟ್ಟೆವು. ಪೋಸ್ಟ್‌ಗ್ರೆಸ್ ತೆಗೆದು ಎಸ್‌ಕ್ಯೂಲೈಟ್ ಹಾಕಿದೆವು. ಅದು ಪೈಥಾನ್ ಜೊತೆಗೇ ಬರುತ್ತೆ, ಬೇರೆ ಇನ್‌ಸ್ಟಾಲ್ ಬೇಡ. ಎಲ್ಲ ಪ್ಯಾಕೇಜ್‌ಗಳ ವರ್ಷನ್ ಗಟ್ಟಿ ಮಾಡಿ ಬರೆದೆವು. ಹೆಚ್ಚು ಉಪಯೋಗಕ್ಕೆ ಬಂದಿದ್ದು ಮಾತ್ರ ಒಂದು ನಿಯಮ: ಪ್ರಾಜೆಕ್ಟ್ ಗೊತ್ತಿಲ್ಲದವರೇ ಕೀಬೋರ್ಡ್ ಮುಂದೆ ಕೂರಬೇಕು, ಉಳಿದವರು ಬಾಯಿ ಮುಚ್ಚಿಕೊಂಡಿರಬೇಕು. ಅವರು ನಿಂತಲ್ಲೆಲ್ಲ ರೀಡ್‌ಮಿಯಲ್ಲಿ ಒಂದು ಸಾಲು. (ಬಾಯಿ ಮುಚ್ಚಿಕೊಂಡಿರೋದು ಸೀನಿಯರ್‌ಗಳಿಗೆ ಎಷ್ಟು ಕಷ್ಟ ಅಂತ ಅವತ್ತು ನೋಡಬೇಕಿತ್ತು.) ಕೊನೆಯಲ್ಲಿ, ಬೇಕಂತಲೇ ಒಂದು ಟೆಂಪ್ಲೇಟಿನ ಹೆಸರು ಬದಲಿಸಿ ಎರರ್ ಬರಿಸುವ ಹೆಜ್ಜೆ ಸೇರಿಸಿದೆವು. ಜಾಂಗೋದ ಎರರ್ ಪುಟ, ಯಾವ ಫೈಲನ್ನು ಎಲ್ಲೆಲ್ಲಿ ಹುಡುಕಿದೆ ಅಂತ ಸಾಲಾಗಿ ಹೇಳುತ್ತೆ. ಅದನ್ನು ಒಮ್ಮೆ ನಿಧಾನವಾಗಿ ಓದಿಸಿಬಿಟ್ಟರೆ ಅರ್ಧ ಭಯ ಹೋಗುತ್ತೆ.

‘ಇಷ್ಟೂ ಗೊತ್ತಿಲ್ಲದೆ ಎಂಜಿನಿಯರಿಂಗ್ ಪಾಸಾದ್ರಾ?’ ಅಂತ ಒಬ್ಬರು ಕೇಳಿದರು. ಹೂಂ, ಪಾಸಾದ್ವಿ. ಲ್ಯಾಬಲ್ಲಿ ಎಲ್ಲ ಮೊದಲೇ ಇನ್‌ಸ್ಟಾಲ್ ಆಗಿರುತ್ತಿತ್ತು, ನಾವು ರೆಕಾರ್ಡ್ ಬುಕ್ ತುಂಬಿಸ್ತಿದ್ವಿ. 2014ರಲ್ಲಿ ಪೋಲೆಂಡಿನ ಇಬ್ಬರು ಮಹಿಳೆಯರು ಬರ್ಲಿನ್‌ನಲ್ಲಿ ಶುರು ಮಾಡಿದ ‘ಜಾಂಗೋ ಗರ್ಲ್ಸ್’ ಪಾಠ, ಇಂಟರ್ನೆಟ್ ಹೇಗೆ ಕೆಲಸ ಮಾಡುತ್ತೆ, ಕಮಾಂಡ್ ಲೈನ್ ಅಂದ್ರೇನು ಅನ್ನೋದನ್ನೂ ಹೇಳಿಕೊಟ್ಟು ಮುಂದೆ ಹೋಗುತ್ತೆ. ಅದನ್ನು ಚಮಚದಲ್ಲಿ ತಿನ್ನಿಸೋದು ಅಂತ ನಾನಂತೂ ಅನ್ನಲ್ಲ.

ಈಗ ಯಾರು ಕೋಡ್ ಬದಲಿಸಿದರೂ, ಖಾಲಿ ಮೆಷಿನ್ ಮೇಲೆ ಆ ಸ್ಯಾಂಪಲ್ ತಾನಾಗೇ ಒಮ್ಮೆ ಓಡುತ್ತೆ. ಕಳೆದ ಶುಕ್ರವಾರ ಕೆಂಪು ತೋರಿಸಿತು. ಯಾರೋ ಒಂದು ಸೆಟ್ಟಿಂಗ್‌ನ ಹೆಸರು ಬದಲಿಸಿದ್ದರು. ಸೋಮವಾರ ನಾಲ್ಕು ಜನ ಹೊಸಬರು ಬರೋರಿದ್ದರು, ಅದಕ್ಕೇ ಸರಿ ಮಾಡಿಯೇ ಮನೆಗೆ ಹೊರಟೆವು.