ಯಂತ್ರಕ್ಕೆ ಕೇಳಬೇಕಾದ ಪ್ರಶ್ನೆ

ಮಕ್ಕಳೇ, ನಾನು ಆಹಾರ ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತೇನೆ. "ಹಾಲಿಗೆ ಏನೇ ಬೆರೆಸಿದ್ದರೂ ನಿಮ್ಮ ಯಂತ್ರ ಹೇಳಿಬಿಡುತ್ತದಂತೆ, ಹೌದೇ?" ಎಂದು ಅನೇಕರು ಕೇಳುತ್ತಾರೆ. "ಸಾಮಾನ್ಯವಾಗಿ ನಾವು ಕೇಳಿದ್ದಕ್ಕೆ ಮಾತ್ರ ಅದು ಉತ್ತರ ಕೊಡುತ್ತದೆ" ಎನ್ನುತ್ತೇನೆ. ಈ ಮಾತು ಎಷ್ಟು ಮುಖ್ಯವೆಂದು ತಿಳಿಯಲು ಒಂದು ಘಟನೆ ಕೇಳಿ.

2008ರಲ್ಲಿ ಚೀನಾ ದೇಶದಲ್ಲಿ ಹಾಲಿನ ಪುಡಿಯಿಂದ ಮಾಡಿದ ಹಾಲು ಕುಡಿದು ಸುಮಾರು 3 ಲಕ್ಷ ಮಕ್ಕಳು ಕಾಯಿಲೆ ಬಿದ್ದರು. ಅನೇಕರ ಮೂತ್ರಪಿಂಡಗಳಲ್ಲಿ ಕಲ್ಲುಗಳಾಗಿದ್ದವು. 6 ಹಸುಗೂಸುಗಳು ತೀರಿಕೊಂಡವು. ಹಾಗಾದರೆ ಹಾಲು ಕೊಳ್ಳುವಾಗ ಯಾರೂ ಪರೀಕ್ಷಿಸಿರಲಿಲ್ಲವೇ? ಪರೀಕ್ಷಿಸಿದ್ದರು! ಪ್ರೋಟೀನ್ ಪರೀಕ್ಷೆಯಲ್ಲಿ ಆ ಹಾಲು ಪಾಸಾಗಿತ್ತು. ಅದು ಹೇಗೆ?

ಪ್ರೋಟೀನ್ ಅಳೆಯಲು ಡೆನ್ಮಾರ್ಕಿನ ಯೋಹಾನ್ ಕೆಲ್ಡಾಲ್ 1883ರಲ್ಲಿ ಪ್ರಕಟಿಸಿದ ವಿಧಾನವೊಂದಿದೆ. ಹಾಲನ್ನು ಗಂಧಕಾಮ್ಲದಲ್ಲಿ ಕುದಿಸಿ, ಅದರಲ್ಲಿರುವ ಸಾರಜನಕವನ್ನು ಅಳೆಯುತ್ತಾರೆ. ಆ ಸಂಖ್ಯೆಯನ್ನು 6.38ರಿಂದ ಗುಣಿಸಿದರೆ ಪ್ರೋಟೀನಿನ ಅಂದಾಜು ಸಿಗುತ್ತದೆ. ಆದರೆ ಸಾರಜನಕ ಎಲ್ಲಿಂದ ಬಂತೆಂದು ಈ ವಿಧಾನ ಕೇಳುವುದೇ ಇಲ್ಲ. ಮೋಸಗಾರರಿಗೆ ಅಷ್ಟೇ ಸಾಕಾಯಿತು. ಹಾಲಿಗೆ ನೀರು ಬೆರೆಸಿದರು. ಪ್ರೋಟೀನ್ ಕಡಿಮೆಯಾದದ್ದು ಗೊತ್ತಾಗದಿರಲೆಂದು ಮೆಲಮೈನ್ ಎಂಬ ಬಿಳಿ ಪುಡಿ ಸೇರಿಸಿದರು. ಪ್ಲಾಸ್ಟಿಕ್ ತಟ್ಟೆಗಳ ತಯಾರಿಕೆಗೆ ಬಳಸುವ ಈ ಪುಡಿಯ ತೂಕದಲ್ಲಿ ಮೂರನೇ ಎರಡು ಭಾಗ ಸಾರಜನಕವೇ!

ಹಾಗಾದರೆ ಮೆಲಮೈನನ್ನು ಪತ್ತೆ ಮಾಡುವುದು ಹೇಗೆ? ಒಂದು ಸೀಮೆಸುಣ್ಣದ ಬುಡದಿಂದ ಸ್ವಲ್ಪ ಮೇಲೆ ಕಪ್ಪು ಸ್ಕೆಚ್ ಪೆನ್ನಿನಿಂದ ಚುಕ್ಕೆ ಇಡಿ. ಚುಕ್ಕೆ ಮುಳುಗದಷ್ಟೇ ನೀರಿನಲ್ಲಿ ನಿಲ್ಲಿಸಿ. ನೀರು ಮೇಲೇರಿದಂತೆ ಶಾಯಿಯ ಬಣ್ಣಗಳು ಬೇರೆಬೇರೆಯಾಗುವುದನ್ನು ನೋಡಬಹುದು. ಇದಕ್ಕೆ ಕ್ರೊಮ್ಯಾಟೊಗ್ರಫಿ ಎನ್ನುತ್ತಾರೆ. ನಮ್ಮ ಯಂತ್ರವೂ ಮೊದಲು ಹೀಗೆಯೇ ಹಾಲಿನ ಅಂಶಗಳನ್ನು ಬೇರ್ಪಡಿಸುತ್ತದೆ. ಬಳಿಕ ಅಣುಗಳನ್ನು ತೂಗಿ, ಒಡೆದು, ಚೂರುಗಳನ್ನೂ ತೂಗುತ್ತದೆ. ಬೆರಳಚ್ಚಿನಿಂದ ಕಳ್ಳ ಸಿಕ್ಕಿಬೀಳುವಂತೆ, ಈ ತೂಕಗಳಿಂದ ಮೆಲಮೈನ್ ಸಿಕ್ಕಿಬೀಳುತ್ತದೆ.

2010ರಲ್ಲಿ ಅಂತರರಾಷ್ಟ್ರೀಯ ಆಹಾರ ಮಾನದಂಡಗಳನ್ನು ರೂಪಿಸುವ ಕೋಡೆಕ್ಸ್ ಆಯೋಗವು ಶಿಶುಗಳ ಹಾಲಿನ ಪುಡಿಗೆ ಒಂದು ಮಿತಿ ಹಾಕಿತು. 1 ಕಿಲೋ ಪುಡಿಯಲ್ಲಿ 1 ಮಿಲಿಗ್ರಾಂಗಿಂತ ಹೆಚ್ಚು ಮೆಲಮೈನ್ ಇರುವಂತಿಲ್ಲ. ಅಂದರೆ ಹತ್ತು ಲಕ್ಷದಲ್ಲಿ ಒಂದು ಪಾಲು! ಇಷ್ಟು ಚೂರನ್ನೂ ನಮ್ಮ ಯಂತ್ರ ಗುರುತಿಸಬಲ್ಲದು. ಆದರೆ "ಮೆಲಮೈನ್ ಇದೆಯೇ?" ಎಂದು ಯಾರಾದರೂ ಅದನ್ನು ಕೇಳಬೇಕಷ್ಟೆ.

ಹೊಸ ಸೀಸೆಯೊಂದು ಮೇಜಿಗೆ ಬಂದಾಗಲೆಲ್ಲ ನನಗೆ ಇದು ನೆನಪಾಗುತ್ತದೆ. ಹಾಲು ಕುಡಿಯುವ ಕೂಸಿಗೆ ಪ್ರಶ್ನೆ ಕೇಳಲು ಬಾರದು. "ಇರಬೇಕಾದದ್ದು ಇದೆಯೇ?" ಎಂದು ನೋಡಿದರೆ ಸಾಲದು, "ಇರಬಾರದ್ದು ಏನಾದರೂ ಸೇರಿದೆಯೇ?" ಎಂದೂ ಅದರ ಪರವಾಗಿ ನಾವೇ ಕೇಳಬೇಕು.