ಉಭಯ ಕುಶಲೋಪರಿ

ಪ್ರತಿವರ್ಷವೂ ಬೀಳ್ಕೊಡುಗೆಯ ಸಮಾರಂಭದಲ್ಲಿ ಅಂತಿಮ ತರಗತಿಯ ವಿದ್ಯಾರ್ಥಿಗಳು ಒಂದು ಪ್ರತಿಜ್ಞೆ ಮಾಡುವುದುಂಟು: ಎಲ್ಲಿದ್ದರೂ, ಹೇಗಿದ್ದರೂ, ಒಬ್ಬರನ್ನೊಬ್ಬರು ಮರೆಯುವುದಿಲ್ಲವೆಂದು. ಉಪಾಹಾರದ ತಟ್ಟೆಗಳನ್ನು ತೊಳೆದಿಡುವಷ್ಟರಲ್ಲಿ ಈ ಪ್ರತಿಜ್ಞೆಯಲ್ಲಿ ಅರ್ಧ ಕರಗಿಹೋಗಿರುತ್ತದೆಂದು ನಮ್ಮ ಅಧ್ಯಾಪಕರೊಬ್ಬರು ತಮಾಷೆ ಮಾಡಿದರು. ಅವರ ಮಾತನ್ನು ನಾನು ವಿನಯದಿಂದಲೇ ಒಪ್ಪಲಾರೆ. ಏಕೆಂದರೆ ಮೂಡಲಪಾಳ್ಯದ ನಮ್ಮ ಮನೆಯ ಅಟ್ಟದ ಮೇಲೆ, ಒಂದು ತಗಡಿನ ಪೆಟ್ಟಿಗೆಯಲ್ಲಿ, ಅಂಥದೊಂದು ಪ್ರತಿಜ್ಞೆ ಐವತ್ತು ವರ್ಷಗಳಿಗೂ ಮೇಲ್ಪಟ್ಟು ಉಳಿದುಕೊಂಡು ಬಂದಿದೆ.

ಪೆಟ್ಟಿಗೆ ನಮ್ಮ ತಾತನದು. ಅವರು ನಮ್ಮಂತೆಯೇ ಒಂದು ಸರ್ಕಾರಿ ಕಾಲೇಜಿನಲ್ಲಿ ಓದಿ 1970ರಲ್ಲಿ ಬಿ.ಎ. ಮುಗಿಸಿದವರು. ಹಾಸ್ಟೆಲಿನ ಒಂದೇ ಸಾಲಿನ ಕೋಣೆಗಳಲ್ಲಿದ್ದ ಐವರು ಗೆಳೆಯರು ಅಂದಿನಿಂದ ಪತ್ರ ಬರೆದುಕೊಳ್ಳುತ್ತ ಬಂದರು. ತಾತ ಗೆಳೆಯರನ್ನು ಹೆಸರು ಹಿಡಿದು ಹೇಳುವುದಿಲ್ಲ, ಊರು ಹಿಡಿದು ಹೇಳುತ್ತಾರೆ. “ಹಾಸನಕ್ಕೆ ಮೊಮ್ಮಗಳು ಹುಟ್ಟಿದಳು”, “ಕೋಲಾರಕ್ಕೆ ಕಣ್ಣಿನ ಪೊರೆ ತೆಗೆದರು”, “ತುಮಕೂರು ಈಗ ಸಿಹಿ ತಿನ್ನುವಂತಿಲ್ಲ”. ಹೊಸಬರು ಕೇಳಿದರೆ ಜಿಲ್ಲಾ ವಾರ್ತೆಗಳೆಂದು ತಿಳಿದಾರು. ಶಿವಮೊಗ್ಗದವರೊಬ್ಬರಿಗೆ ಮಾತ್ರ ಇನ್ನೊಂದು ಬಿರುದಿದೆ. ಹಾಸ್ಟೆಲಿನ ಊಟದ ಲೆಕ್ಕ ಬರೆಯುತ್ತಿದ್ದುದರಿಂದ ಅವರು ‘ಖಜಾಂಚಿ’.

ತಾತನ ದೃಷ್ಟಿ ಮಂದವಾದ ಮೇಲೆ, ಮೂರು ವರ್ಷಗಳಿಂದ, ಬಂದ ಪತ್ರ ಓದಿ ಹೇಳುವುದೂ ಅವರು ಹೇಳಿದಂತೆ ಉತ್ತರ ಬರೆಯುವುದೂ ನನ್ನ ಪಾಲಿನ ಕೆಲಸವಾಗಿದೆ. ಹೀಗೆ ಆ ಪೆಟ್ಟಿಗೆಯ ಕೀಲಿ ನನಗೆ ಸಿಕ್ಕಿತು. ಬಹುಪಾಲು ನೀಲಿ ಇನ್‌ಲ್ಯಾಂಡ್ ಪತ್ರಗಳು. 1950ರ ಅಕ್ಟೋಬರಿನಲ್ಲಿ ನಮ್ಮ ದೇಶದಲ್ಲಿ ಬಳಕೆಗೆ ಬಂದ ಆ ಹಾಳೆ, ಮಡಿಚಿದರೆ ತಾನೇ ಲಕೋಟೆಯಾಗುವ ಜಾಣ ಕಾಗದ. ಇತಿಹಾಸದ ವಿದ್ಯಾರ್ಥಿಯಾದ ನನಗೆ ವಿಳಾಸ ನೋಡಿದರೇ ಕಾಲ ತಿಳಿಯುತ್ತದೆ. ಮೊದಲ ಪತ್ರಗಳಲ್ಲಿ ‘ಮೈಸೂರು ರಾಜ್ಯ’. 1973ರ ನವೆಂಬರಿನಿಂದಾಚೆಗೆ ‘ಕರ್ನಾಟಕ’. 1972ರ ಆಗಸ್ಟ್‌ನಲ್ಲಿ ಪಿನ್‌ಕೋಡ್ ಬಂದಿತಷ್ಟೆ. ತುಮಕೂರಿನವರು ಅದನ್ನು ತಕ್ಷಣ ಬರೆಯತೊಡಗಿದರು, ಹಾಸನದವರು ಹತ್ತು ವರ್ಷ ಅದಕ್ಕೆ ಸೊಪ್ಪು ಹಾಕಲಿಲ್ಲ. ಒಳಗಿನ ಆರಂಭ ಮಾತ್ರ ಬದಲಾಗಿಲ್ಲ: “ಉಭಯ ಕುಶಲೋಪರಿ ಸಾಂಪ್ರತ.” ಇತ್ತ ನಾವು ಕ್ಷೇಮ, ಅತ್ತ ನಿಮ್ಮ ಕ್ಷೇಮಕ್ಕೆ ಬರೆಯುತ್ತಿರಬೇಕು. ಆಮೇಲೆ ಸುದ್ದಿ.

ಸುದ್ದಿಯೆಂದರೆ ಮಗನ ಹತ್ತನೆಯ ತರಗತಿಯ ಅಂಕಗಳು, ತಂಗಿಯ ಮದುವೆಗೆ ಮಾಡಿದ ಸಾಲ, ವರ್ಗಾವಣೆ, ಕೊಳವೆಬಾವಿಯಲ್ಲಿ ನೀರು ಬಾರದಿದ್ದುದು. ಮದುವೆಯ ಕರೆಯೋಲೆಗಳ ಮೂಲೆಯ ಅರಿಶಿನ ಇಂದಿಗೂ ಬೆರಳಿಗೆ ಹತ್ತುತ್ತದೆ. ಆದರೆ ಓದುತ್ತ ಹೋದಂತೆ ನನಗೊಂದು ವಿಚಿತ್ರ ಕಂಡಿತು. ಪೆಟ್ಟಿಗೆಯಲ್ಲಿ ಹುಟ್ಟು ಇದೆ, ನಾಮಕರಣವಿದೆ, ಗೃಹಪ್ರವೇಶವಿದೆ. ಸಾವು ಒಂದೂ ಇಲ್ಲ. ಇಷ್ಟು ಜನರ ತಂದೆತಾಯಿಗಳು ಚಿರಂಜೀವಿಗಳೇ? ಕೇಳಿದಾಗ ಅಜ್ಜಿ ವಿವರಿಸಿದರು. ಸಾವಿನ ಕಾಗದವನ್ನು ಮನೆಯಲ್ಲಿ ಇಟ್ಟುಕೊಳ್ಳಬಾರದು. ಓದಿದೊಡನೆ ಹರಿದುಹಾಕಿ ಸ್ನಾನ ಮಾಡಬೇಕು. ಅಂದಮೇಲೆ ಸಾವನ್ನು ಮುಂದಿನ ಪತ್ರದಿಂದಲೇ ಊಹಿಸಬೇಕು. ಕೋಲಾರದವರ ಒಂದು ಪತ್ರದಲ್ಲಿ “ಅಮ್ಮ ನಿನ್ನನ್ನು ಕೇಳಿದಳು” ಎಂದಿದೆ. ಆರು ತಿಂಗಳ ಬಳಿಕದ ಪತ್ರದಲ್ಲಿ “ನೀನು ಬಂದುಹೋದದ್ದು ಸಮಾಧಾನವಾಯಿತು” ಎಂದಿದೆ. ನಡುವೆ ಹರಿದುಹೋದ ಒಂದು ಕಾರ್ಡು ಇದ್ದಿರಬೇಕು. ನಾನು ಈಗ ಪತ್ರಗಳ ನಡುವಿನ ತೆರಪುಗಳನ್ನೂ ಓದುತ್ತೇನೆ.

ಇಂಥ ಗೆಳೆತನ ನಮ್ಮ ಊರಿಗೆ ಹೊಸದೇನೂ ಅಲ್ಲ. 1890ರ ದಶಕದಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಇಬ್ಬರು ಸಹಪಾಠಿಗಳಿದ್ದರು. ಒಬ್ಬರು ನವರತ್ನ ರಾಮರಾಯರು, ‘ಕೆಲವು ನೆನಪುಗಳು’ ಬರೆದವರು. ಇನ್ನೊಬ್ಬರು ಚಕ್ರವರ್ತಿ ರಾಜಗೋಪಾಲಾಚಾರ್ಯರು. ರಾಮರಾಯರು ಮೈಸೂರು ಸರ್ಕಾರದ ನೌಕರಿಗೆ ಸೇರಿ ಅಮಲ್ದಾರರಾದರು, ರೇಷ್ಮೆ ಇಲಾಖೆಯನ್ನು ನೋಡಿಕೊಂಡರು. ರಾಜಾಜಿ ಸೇಲಂನಲ್ಲಿ ವಕೀಲರಾಗಿ, ಗಾಂಧೀಜಿಯವರ ಹಿಂದೆ ಹೋಗಿ, 1921ರಲ್ಲಿ ಜೈಲು ಸೇರಿದರು. 1948ರಲ್ಲಿ ಗವರ್ನರ್ ಜನರಲ್ ಆದರು. ಒಬ್ಬರು ಸರ್ಕಾರದ ಕುರ್ಚಿಯಲ್ಲಿ, ಇನ್ನೊಬ್ಬರು ಸರ್ಕಾರದ ಸೆರೆಯಲ್ಲಿ! ಆದರೂ ಅವರ ಸ್ನೇಹ 1960ರಲ್ಲಿ ರಾಮರಾಯರು ತೀರಿಕೊಳ್ಳುವವರೆಗೂ ಉಳಿಯಿತು. ನಮ್ಮ ತಾತನ ಗೆಳೆಯರಲ್ಲಿ ಯಾರೂ ಗವರ್ನರ್ ಜನರಲ್ ಆಗಲಿಲ್ಲ. ತುಮಕೂರಿನವರು ಹೆಡ್‌ಮಾಸ್ಟರಾದದ್ದೇ ಅತ್ಯುನ್ನತ ಪದವಿ.

ನಮ್ಮ ಬಡಾವಣೆಯ ಹೆಸರಿನ ಬಗೆಗೂ ಪೆಟ್ಟಿಗೆಯಲ್ಲಿ ಸಾಕಷ್ಟು ಚರ್ಚೆಯಿದೆ. ಮೂಡಲವೆಂದರೆ ಪೂರ್ವ; ಮೂಡಲಪಾಳ್ಯವಿರುವುದೋ ನಗರದ ಪಶ್ಚಿಮಕ್ಕೆ, ವಿಜಯನಗರ ನಾಗರಬಾವಿಗಳ ನಡುವೆ. ತಾತ ಇಲ್ಲಿ ಮನೆ ಕಟ್ಟಿ ವಿಳಾಸ ತಿಳಿಸಿದಾಗ ಹಾಸನದವರು “ನಿಮ್ಮಲ್ಲಿ ಸೂರ್ಯ ಎತ್ತಕಡೆ ಹುಟ್ಟುತ್ತಾನೆ, ವಿಚಾರಿಸಿ ಬರೆ” ಎಂದು ಕೇಳಿದರು. ಕೋಲಾರದವರು ಒಂದು ಅಕ್ಷರ ನುಂಗಿ ‘ಮೂಡಲಪಾಯ’ವೆಂದೇ ಬರೆಯುತ್ತಿದ್ದರು. ಅದು ಬಯಲುಸೀಮೆಯ ಯಕ್ಷಗಾನದ ಹೆಸರೆಂದು ತಾತ ತಿದ್ದಿದಾಗ, “ನಿನ್ನ ಸಂಸಾರದ ಆಟಕ್ಕೆ ಅದೇ ಸರಿ” ಎಂಬ ಮಾರುತ್ತರ ಬಂದಿತು. 2015ರ ನವೆಂಬರಿನಲ್ಲಿ ವಿಜಯನಗರ, ಅತ್ತಿಗುಪ್ಪೆಗಳಿಗೆ ಮೆಟ್ರೋ ರೈಲು ಬಂದಾಗ ಈ ಐವರೂ ಒಮ್ಮೆ ಕೂಡಿ ಮೈಸೂರು ರಸ್ತೆಯ ನಿಲ್ದಾಣದವರೆಗೆ ಹೋಗಿ, ಇಳಿದು, ಕಾಫಿ ಕುಡಿದು, ತಿರುಗಿ ಬಂದರಂತೆ. ಕೆಲಸವೇನಿತ್ತೆಂದು ಅಜ್ಜಿ ಕೇಳಿದ್ದಕ್ಕೆ ಯಾರಿಂದಲೂ ಉತ್ತರ ಬರಲಿಲ್ಲ.

ಈಗ ಅವರ ಮಕ್ಕಳು ಸೇರಿ ಒಂದು ವಾಟ್ಸಾಪ್ ಗುಂಪು ಮಾಡಿಕೊಟ್ಟಿದ್ದಾರೆ. ಬೆಳಗಾದರೆ ಗುಲಾಬಿ ಹೂವು, ಹಬ್ಬವಾದರೆ ದೀಪ. ತಂತಿಯವನು ಗೇಟಿನಲ್ಲಿ ನಿಂತರೆ ಎದೆ ನಡುಗುತ್ತಿದ್ದ ಕಾಲ 2013ರ ಜುಲೈಯಲ್ಲಿ ತಂತಿ ಸೇವೆಯೊಡನೆ ಮುಗಿಯಿತು, ಅದು ಒಳ್ಳೆಯದೇ. ಆದರೆ ಹೂವಿನ ಚಿತ್ರಕ್ಕೆ ಕೈಬರಹವಿಲ್ಲ. ತುಮಕೂರಿನವರ ಅಕ್ಷರ ಕಳೆದ ವರ್ಷ ನಡುಗತೊಡಗಿದ್ದನ್ನು ಪತ್ರದಿಂದ ತಿಳಿದೆವೇ ಹೊರತು ಫೋನಿನಿಂದಲ್ಲ.

ಖಜಾಂಚಿಯವರ ಪತ್ರ ನಾಲ್ಕು ತಿಂಗಳು ಬರಲಿಲ್ಲ. ಗುಂಪಿನಲ್ಲಿಯೂ ಅವರ ಸದ್ದಿಲ್ಲ. ತಾತ ಹೇಳಿದ ಮೇಲೆ ನಾನು ಶಿವಮೊಗ್ಗಕ್ಕೆ ಫೋನ್ ಮಾಡಿದೆ. ಅವರ ಸೊಸೆ ತಗ್ಗಿದ ದನಿಯಲ್ಲಿ ಹೇಳಿದರು: ಮಾವನವರಿಗೆ ಮರೆವಿನ ರೋಗ, ಮಗನನ್ನೇ ಒಮ್ಮೊಮ್ಮೆ “ತಾವು ಯಾರು?” ಎಂದು ಕೇಳುತ್ತಾರೆ; ಯಾರಿಗೂ ಹೇಳಬೇಡವೆಂದು ಮನೆಯವರ ಇಚ್ಛೆಯಿತ್ತು. ಇದನ್ನು ತಾತನಿಗೆ ತಿಳಿಸಿದೆ. ಅವರು ಎರಡು ದಿನ ಹೆಚ್ಚು ಮಾತನಾಡಲಿಲ್ಲ. ಇನ್ನು ಆ ವಿಳಾಸಕ್ಕೆ ಬರೆಯುವ ಕೆಲಸ ಮುಗಿಯಿತೆಂದು ಮನೆಯಲ್ಲಿ ಎಲ್ಲರೂ ಭಾವಿಸಿದ್ದೆವು.

ಮೂರನೆಯ ದಿನ ಸಂಜೆ, “ಬರೆದುಕೊ” ಎಂದರು. ನಾನು ವಾಡಿಕೆಯಂತೆ ನನ್ನ ತಂಗಿಗೆ ಕಾಲೇಜಿನಲ್ಲಿ ಸೀಟು ಸಿಕ್ಕ ಸುದ್ದಿಯಿಂದ ತೊಡಗಲೇ ಎಂದೆ. “ಬೇಡ. ಅವನಿಗೆ ನೀವಾರೂ ಇನ್ನೂ ಹುಟ್ಟಿಲ್ಲ” ಎಂದರು. ಅಂದಿನ ಪತ್ರ 1968ರ ಹಾಸ್ಟೆಲಿನದು. ಸಾರಿನಲ್ಲಿ ಬೇಳೆ ಹುಡುಕಿದ್ದು, ವಾರ್ಡನ್ನರ ಸೈಕಲ್ಲು, ಮಳೆಗೆ ಸೋರುತ್ತಿದ್ದ ಏಳನೆಯ ಕೋಣೆ. ಉಭಯ ಕುಶಲೋಪರಿ ಎಂಬುದು ಮಾತ್ರ ಹಾಗೆಯೇ ಇತ್ತು. ಅಲ್ಲಿಂದ ತಿಂಗಳಿಗೊಂದು ಪತ್ರ ಹೋಗುತ್ತಿದೆ. ಸೊಸೆಯವರು ಪಕ್ಕದಲ್ಲಿ ಕುಳಿತು ಗಟ್ಟಿಯಾಗಿ ಓದುತ್ತಾರಂತೆ. ಕೆಲವು ಸಲ ಅವರು ಕಿಟಕಿಯ ಕಡೆ ನೋಡುತ್ತಾರೆ, ಅಷ್ಟೆ. ಮೂರನೆಯ ಪತ್ರ ಓದಿದಾಗ ಮಾತ್ರ ತಟ್ಟನೆ ತಿರುಗಿ, ತಾತನ ಹೆಸರನ್ನು ಏಕವಚನದಲ್ಲಿ ಹೇಳಿ, “ನನ್ನ ಎಂಟಾಣೆ ಕೊಟ್ಟನೇ?” ಎಂದು ಕೇಳಿದರಂತೆ.

ಎಂಟಾಣೆಯ ಸಾಲ ನಿಜವಾಗಿ ಇತ್ತೇ ಎಂದು ತಾತನನ್ನು ಕೇಳಿದೆ. “ಖಜಾಂಚಿ ಹೇಳಿದ ಮೇಲೆ ಇರಲೇಬೇಕು” ಎಂದರು. ಮನಿಯಾರ್ಡರ್ ಮಾಡೋಣವೇ ಎಂದದ್ದಕ್ಕೆ ಕೈಯಾಡಿಸಿಬಿಟ್ಟರು. ಅವರು ನನ್ನಿಂದ ಬರೆಸಿದ ವಾಕ್ಯ ಇದು: “ಮನೆಯಿಂದ ಹಣ ಬಂದಿಲ್ಲ; ನಿನ್ನ ಎಂಟಾಣೆ ಮುಂದಿನ ತಿಂಗಳು ಖಂಡಿತ ಕೊಡುತ್ತೇನೆ, ಲೆಕ್ಕದಿಂದ ಹೊಡೆದುಹಾಕಬೇಡ.” ಈ ತಿಂಗಳ ಪತ್ರದಲ್ಲಿಯೂ ಹಾಗೆಯೇ ಬರೆದಿದ್ದೇವೆ.